ಪದ ಪರಿಚಯ: ಕಿಲ್ ಅನ್ನುವ ಸನ್ನೆ

ಕಿಲ್ ಅಂದರೆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಕೊಲ್ಲುವ ಕಮಾಂಡ್, ಸಾಯದೇ ಇದ್ದರೆ -9 ಹಾಕಿ ಇನ್ನೂ ಜೋರಾಗಿ ಕೊಲ್ಲಬಹುದು. ಲಿನಕ್ಸ್ ಕಲಿಸುವ ಕನ್ನಡ ಬರಹಗಳಲ್ಲಿ ಈ ವಿವರಣೆ ನೋಡಿ ನೋಡಿ ಸಾಕಾಗಿದೆ. ಈ ವಾರ ಮತ್ತೆ ಕಣ್ಣಿಗೆ ಬಿತ್ತು, ಅದೂ ಹೊಸಬರಿಗೆಂದೇ ಬರೆದ ಪಾಠದಲ್ಲಿ. ಒಂದೇ ಸಾಲಿನಲ್ಲಿ ಎರಡು ತಪ್ಪು. ಕಿಲ್ ಕೊಲ್ಲುವುದಿಲ್ಲ. -9 ಅನ್ನುವುದು ಜೋರಿನ ಅಳತೆಯೂ ಅಲ್ಲ.

ಕಿಲ್ ಮಾಡುವುದು ಒಂದೇ ಕೆಲಸ, ಸಿಗ್ನಲ್ ಕಳಿಸುವುದು. ಲಿನಕ್ಸ್ ಕೈಪಿಡಿಯ ಎರಡನೇ ವಿಭಾಗದಲ್ಲಿ, ಅಂದರೆ ಸಿಸ್ಟಂ ಕಾಲ್‌ಗಳು (ಪ್ರೋಗ್ರಾಂಗಳು ಸಿಸ್ಟಂನ ತಿರುಳಾದ ಕರ್ನಲ್‌ಗೆ ಮಾಡುವ ಕೋರಿಕೆಗಳು) ಇರುವ ಕಡೆ, ಕಿಲ್ ಪುಟ ತೆಗೆದು ನೋಡಿ. ಹೆಸರಿನ ಪಕ್ಕದಲ್ಲೇ ಪ್ರೋಸೆಸ್‌ಗೆ ಸಿಗ್ನಲ್ ಕಳಿಸುವುದು ಎಂದಿದೆ. ಹಾಗಾದರೆ ಈ ಹೆಸರು ಯಾಕೆ ಉಳಿಯಿತು? ಸಿಗ್ನಲ್ ಬಂದರೆ ಏನು ಮಾಡಬೇಕು ಅಂತ ಪ್ರೋಗ್ರಾಂ ಬರೆದವರು ಏನೂ ಹೇಳಿಲ್ಲದಿದ್ದರೆ, ಹೆಚ್ಚಿನ ಸಿಗ್ನಲ್‌ಗಳಿಗೆ ಕರ್ನಲ್ ಮಾಡುವ ಮಾಮೂಲಿ ಕೆಲಸ ಆ ಪ್ರೋಸೆಸ್ ಮುಗಿಸುವುದೇ. ಬಳಸುವವರ ಕಣ್ಣಿಗೆ ಕಾಣುವುದು ಆ ಕೊನೆ ಮಾತ್ರ. ನಡುವೆ ನಡೆದದ್ದು ಕಾಣುವುದಿಲ್ಲ.

ಸಿಗ್ನಲ್‌ಗೆ ಕನ್ನಡದಲ್ಲಿ ಸಂಕೇತ ಅಂತ ಬರೆಯುವುದು ರೂಢಿ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಸಂಕೇತ ಅಂದರೆ ಗುರುತು, ಕೋಡ್, ಚಿಹ್ನೆ ಎಲ್ಲವೂ ಆಗುತ್ತದೆ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಪದ ಇದೆ: ಸನ್ನೆ. ಯಜ್ಞ ಕನ್ನಡದ ಬಾಯಲ್ಲಿ ಜನ್ನ ಆದ ಹಾಗೆ ಸಂಜ್ಞೆ ಸನ್ನೆ ಆಯಿತು. ಕಣ್ಸನ್ನೆ, ಕೈಸನ್ನೆ ಎಲ್ಲರಿಗೂ ಗೊತ್ತು. ಸನ್ನೆಯಲ್ಲಿ ಮಾತಿರುವುದಿಲ್ಲ, ವಿವರ ಇರುವುದಿಲ್ಲ. ಕಿಲ್ ಕಳಿಸುವ ಸಿಗ್ನಲ್‌ನಲ್ಲೂ ಒಂದು ನಂಬರ್ ಬಿಟ್ಟರೆ ಇನ್ನೇನನ್ನೂ ಹೇಳಲು ಜಾಗವಿಲ್ಲ. ಸನ್ನೆಯನ್ನು ನೋಡಿದವರು ಅದರಂತೆ ನಡೆಯಬಹುದು, ನೋಡಿಯೂ ನೋಡದ ಹಾಗೆ ಇರಬಹುದು, ಈಗ ಬೇಡ ಆಮೇಲೆ ನೋಡುತ್ತೇನೆ ಅಂತ ತಡೆದಿಟ್ಟುಕೊಳ್ಳಬಹುದು. ಸಿಗ್ನಲ್ ವಿಷಯದಲ್ಲಿ ಪ್ರೋಸೆಸ್‌ಗೂ ಸರಿಯಾಗಿ ಈ ಮೂರು ದಾರಿ ಇವೆ. ಇನ್ನೂ ಒಂದು ಹೋಲಿಕೆ ಇದೆ. ಎದುರಿಗಿರುವವರು ಇನ್ನೂ ಈ ಕಡೆ ತಿರುಗಿಲ್ಲದಿದ್ದಾಗ ಅದೇ ಸನ್ನೆ ಐದು ಸಲ ಮಾಡಿದರೂ ಅವರಿಗೆ ಸಿಗುವುದು ಒಂದೇ ಸನ್ನೆ, ಅಲ್ವಾ? ಮಾಮೂಲಿ ಸಿಗ್ನಲ್‌ಗಳೂ ಹಾಗೇ, ಸಾಲಾಗಿ ನಿಲ್ಲುವುದಿಲ್ಲ. ಕೆಲಸ ಮುಗಿಸು ಅನ್ನುವ ಸಿಗ್ನಲ್ಲಿನ ಹೆಸರು ಟರ್ಮ್. ತಲುಪದೆ ಕಾಯುತ್ತಿರುವ ಟರ್ಮ್ ಮೇಲೆ ಇನ್ನೊಂದು ಟರ್ಮ್ ಕಳಿಸಿದರೆ ಎರಡೂ ಸೇರಿ ಒಂದೇ ಆಗುತ್ತದೆ.

ಕೊಲೆಗೂ ಕಿಲ್‌ಗೂ ಎಷ್ಟು ದೂರ ಅಂತ ತಿಳಿಯಲು ಕೆಲವು ಬಳಕೆ ನೋಡಿದರೆ ಸಾಕು. ಓಡುತ್ತಿರುವ ಜಾವಾ ಪ್ರೋಗ್ರಾಂಗೆ ಕಿಲ್ -3, ಅಂದರೆ 3ನೇ ಸಿಗ್ನಲ್, ಕಳಿಸಿದರೆ ಅದು ತನ್ನ ಎಲ್ಲ ಥ್ರೆಡ್‌ಗಳ (ಒಳಗೆ ಒಟ್ಟಿಗೆ ನಡೆಯುವ ಕೆಲಸಗಳ) ಸ್ಥಿತಿ ಮುದ್ರಿಸಿ, ಏನೂ ಆಗದ ಹಾಗೆ ಮುಂದುವರಿಯುತ್ತದೆ. ಕಾಪಿ ಮಾಡುವ ಕಮಾಂಡ್ ಗ್ನೂ ಡಿಡಿಗೆ ಯುಎಸ್‌ಆರ್1 ಅನ್ನುವ ಸಿಗ್ನಲ್ ಕಳಿಸಿದರೆ ಎಷ್ಟು ಬೈಟ್ ಕಾಪಿ ಆಯಿತು ಅಂತ ಹೇಳುತ್ತದೆ. ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ಗೆ ಹಪ್ ಅನ್ನುವ ಸಿಗ್ನಲ್ ಕಳಿಸಿದರೆ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಮತ್ತೆ ಓದಿ, ಹೊಸ ವರ್ಕರ್‌ಗಳನ್ನು (ಕೆಲಸ ಮಾಡುವ ಪ್ರೋಸೆಸ್‌ಗಳನ್ನು) ಶುರು ಮಾಡಿ, ಹಳೆಯವು ಕೈಲಿರುವ ಕೆಲಸ ಮುಗಿಸಿ ಹೋಗುವ ಹಾಗೆ ಮಾಡುತ್ತದೆ. ಕಿಲ್ -0 ಅಂತೂ ಯಾವ ಸಿಗ್ನಲ್ಲನ್ನೂ ಕಳಿಸುವುದಿಲ್ಲ. ಆ ಪಿಐಡಿ (ಪ್ರೋಸೆಸ್ ನಂಬರ್) ಇದೆಯೇ, ಅದಕ್ಕೆ ಸಿಗ್ನಲ್ ಕಳಿಸಲು ನಮಗೆ ಅನುಮತಿ ಇದೆಯೇ ಅಂತ ಪರೀಕ್ಷೆ ಮಾಡುತ್ತದೆ, ಅಷ್ಟೇ. ಇದನ್ನೆಲ್ಲ ಕೊಲ್ಲುವುದು ಅಂತ ಹೇಗೆ ಅನುವಾದ ಮಾಡುತ್ತೀರಿ?

ಹಪ್ ಬಗ್ಗೆ ಎರಡು ಮಾತು. ಅದು ಹ್ಯಾಂಗ್ ಅಪ್, ಅಂದರೆ ಫೋನ್ ಇಡುವುದು. ಟರ್ಮಿನಲ್‌ಗಳು ಟೆಲಿಫೋನ್ ಲೈನ್ ಮೇಲೆ ಮೋಡೆಮ್ ಮೂಲಕ ಕಂಪ್ಯೂಟರ್‌ಗೆ ಸೇರುತ್ತಿದ್ದ ಕಾಲದಲ್ಲಿ ಲೈನ್ ಕಡಿದರೆ ಆ ಕಡೆಯ ಪ್ರೋಸೆಸ್‌ಗಳಿಗೆ ಹೋಗುತ್ತಿದ್ದ ಸುದ್ದಿ ಇದು. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳಾದ ಡೀಮನ್‌ಗಳಿಗೆ ಟರ್ಮಿನಲ್ಲೇ ಇಲ್ಲ, ಹಾಗಾಗಿ ಅವುಗಳಿಗೆ ಈ ಸಿಗ್ನಲ್ ಸುಮ್ನೆ ಖಾಲಿ ಬಿದ್ದಿತ್ತು. ಕಾನ್ಫಿಗ್ ಮತ್ತೆ ಓದು ಅನ್ನುವ ಅರ್ಥಕ್ಕೆ ಅದನ್ನೇ ಹಚ್ಚಿಕೊಂಡರು. ನೋಹಪ್ ಕಮಾಂಡ್ ಹೆಸರೂ ಇಲ್ಲಿಂದಲೇ ಬಂದದ್ದು. ಫೋನ್ ಇಟ್ಟರೂ ಕೆಲಸ ನಿಲ್ಲಬಾರದು ಅಂತ.

ಇನ್ನು -9. ಈ ಗೊಂದಲದಿಂದ ಆಗುವ ನಷ್ಟವೇ ಜಾಸ್ತಿ. 15 ಮೆಲ್ಲಗೆ, 9 ಜೋರು ಅನ್ನುವ ಚಿತ್ರ ತಲೆಯಿಂದ ತೆಗೆದುಹಾಕಿ. ಇವು ಎರಡು ಬೇರೆ ಬೇರೆ ಮಾತುಕತೆ, ಮತ್ತು ನಡೆಯುವುದು ಬೇರೆಯವರ ಜೊತೆ. ಏನೂ ಹೇಳದೆ ಕಿಲ್ ಕೊಟ್ಟರೆ ಹೋಗುವ ಟರ್ಮ್, 15ನೇ ಸಿಗ್ನಲ್, ಪ್ರೋಸೆಸ್‌ಗೇ ಸಿಗುತ್ತದೆ. ಹೊರಡುವ ಹೊತ್ತಾಯಿತು ಅಂತ ಅದಕ್ಕೆ ತಿಳಿಯುತ್ತದೆ. ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಂಡಿರುವ ಪ್ರೋಗ್ರಾಂ ಬಫರ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆಯುತ್ತದೆ, ತಾನು ಓಡುತ್ತಿದ್ದೇನೆ ಅಂತ ಗುರುತಿಟ್ಟ ಲಾಕ್ ಫೈಲ್ ಅಳಿಸುತ್ತದೆ, ತಾನು ಹುಟ್ಟಿಸಿದ ಮಕ್ಕಳು ಪ್ರೋಸೆಸ್‌ಗಳಿಗೂ ಸುದ್ದಿ ಮುಟ್ಟಿಸುತ್ತದೆ, ಆಮೇಲೆ ತಾನಾಗಿ ಹೊರಡುತ್ತದೆ. ಕಿಲ್ -9 ಮಾತಾಡುವುದು ಕರ್ನಲ್ ಜೊತೆ. ಈ ಪ್ರೋಸೆಸ್ ತೆಗೆದುಹಾಕು ಅಂತ. ಆ ಪ್ರೋಸೆಸ್‌ಗೆ ಒಂದು ಸಾಲು ಕೋಡ್ ಓಡಿಸುವ ಅವಕಾಶವೂ ಇಲ್ಲ, ಏನಾಯಿತು ಅಂತ ಗೊತ್ತೂ ಆಗುವುದಿಲ್ಲ. ಸಿಗ್‌ಕಿಲ್ (ಈ 9) ಮತ್ತು ಸಿಗ್‌ಸ್ಟಾಪ್ (ಪ್ರೋಸೆಸ್ ತಡೆದು ನಿಲ್ಲಿಸುವುದು) ಎರಡನ್ನು ಮಾತ್ರ ಯಾವ ಪ್ರೋಗ್ರಾಂ ಕೂಡ ಹಿಡಿಯುವ ಹಾಗಿಲ್ಲ, ತಡೆಯುವ ಹಾಗಿಲ್ಲ. ಎರಡನ್ನೂ ಜಾರಿ ಮಾಡುವುದು ಕರ್ನಲ್ಲೇ.

ಕನ್ನಡದಲ್ಲಿ ಸಾಯುವುದು ಬೇರೆ ಕ್ರಿಯಾಪದ, ಕೊಲ್ಲುವುದು ಬೇರೆ. ಈ ವ್ಯತ್ಯಾಸ ಇಲ್ಲಿ ಚೆನ್ನಾಗಿ ಒದಗುತ್ತದೆ. ಟರ್ಮ್ ಬಂದಾಗ ಪ್ರೋಸೆಸ್ ತಾನಾಗಿ ಸಾಯುತ್ತದೆ, -9 ಬಂದಾಗ ಅದನ್ನು ಕೊಲ್ಲಲಾಗುತ್ತದೆ. ಕೊಲ್ಲು ಪದ ಬಳಸಲೇಬೇಕು ಅಂತಿದ್ದರೆ ಅದನ್ನು 9ಕ್ಕೆ ಮಾತ್ರ ಇಟ್ಟುಕೊಳ್ಳಿ.

ಅಭ್ಯಾಸ ಬಲದಿಂದ ಮೊದಲೇ -9 ಹೊಡೆಯುವವರು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ ಉದಾಹರಣೆ ನೋಡಬೇಕು. ಯಾವುದೋ ಒಂದು ಕ್ವೆರಿ ಸಿಕ್ಕಿಹಾಕಿಕೊಂಡಿದೆ ಅಂತ ಅದನ್ನು ನಡೆಸುತ್ತಿರುವ ಬ್ಯಾಕೆಂಡ್ ಪ್ರೋಸೆಸ್‌ಗೆ -9 ಕೊಟ್ಟರೆ ಹೋಗುವುದು ಅದೊಂದೇ ಅಲ್ಲ. ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದು ಅಂತ ಸರ್ವರ್ ಉಳಿದ ಎಲ್ಲ ಕನೆಕ್ಷನ್‌ಗಳನ್ನೂ ಕಡಿದು ರಿಕವರಿಗೆ (ಡೇಟಾ ಸರಿಮಾಡಿಕೊಳ್ಳಲು) ಹೋಗುತ್ತದೆ. ಅದೇ ಪೋಸ್ಟ್‌ಗ್ರೆಸ್‌ನ ಮುಖ್ಯ ಪ್ರೋಸೆಸ್ ಮೂರು ಸನ್ನೆಗಳಿಗೆ ಮೂರು ಅರ್ಥ ಇಟ್ಟುಕೊಂಡಿದೆ. ಟರ್ಮ್ ಬಂದರೆ ಇರುವವರು ಮುಗಿಸುವವರೆಗೆ ಕಾಯುತ್ತದೆ. ಇಂಟ್ ಬಂದರೆ ಎಲ್ಲರನ್ನೂ ಕಳಿಸಿ ಅಚ್ಚುಕಟ್ಟಾಗಿ ಮುಚ್ಚುತ್ತದೆ. ಕ್ವಿಟ್ ಬಂದರೆ ತಕ್ಷಣ ನಿಲ್ಲುತ್ತದೆ, ಮುಂದಿನ ಸಲ ಶುರುವಾಗುವಾಗ ರಿಕವರಿ ಮಾಡುತ್ತದೆ. ಇಷ್ಟು ಯೋಚಿಸಿ ಬರೆದವರ ಕೆಲಸವನ್ನು -9 ಪೂರ್ತಿ ದಾಟಿಕೊಂಡು ಹೋಗುತ್ತದೆ.

ದೊಡ್ಡ ವ್ಯವಸ್ಥೆಗಳೆಲ್ಲ ಮೊದಲು ಕೇಳಿ, ಕಾದು, ಆಮೇಲೆ ಕೊಲ್ಲುತ್ತವೆ. ಮೊದಲೇ ಬೇರೆ ಹೇಳಿರದಿದ್ದರೆ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ, ಕಂಟೇನರ್ (ಪ್ರತ್ಯೇಕ ಪೊಟ್ಟಣದಲ್ಲಿ ಓಡುವ ಪ್ರೋಗ್ರಾಂ) ನಡೆಸುವ ಕುಬರ್ನೆಟಿಸ್ 30, ಡಾಕರ್ 10. ನಿಂತ ಕಂಟೇನರ್ ಕೊಡುವ ಎಕ್ಸಿಟ್ ಕೋಡ್ (ಹೇಗೆ ಮುಗಿಯಿತು ಅಂತ ಹೇಳುವ ಸಂಖ್ಯೆ) 137 ಅಂತಿದ್ದರೆ ಅದು 128ಕ್ಕೆ 9 ಕೂಡಿಸಿದ್ದು, ಅಂದರೆ -9ರಿಂದ ಮುಗಿದದ್ದು. 143 ಕಂಡರೆ 15 ಕೂಡಿಸಿದ್ದು, ಅಂದರೆ ಟರ್ಮ್‌ನಿಂದ ಮುಗಿದದ್ದು.

-9ಕ್ಕೂ ಬಗ್ಗದವು ಇವೆ. ಪ್ರೋಸೆಸ್‌ಗಳನ್ನು ತೋರಿಸುವ ಪಿಎಸ್ ಕಮಾಂಡ್‌ನ ಪಟ್ಟಿಯಲ್ಲಿ ಸ್ಥಿತಿ ಝಡ್ ಅಂತ ಕಂಡರೆ ಅದು ಆಗಲೇ ಸತ್ತಿದೆ. ತಾಯಿ ಪ್ರೋಸೆಸ್ ಬಂದು ಲೆಕ್ಕ ತೆಗೆದುಕೊಳ್ಳುವವರೆಗೆ ಹೆಸರು ಮಾತ್ರ ಉಳಿದಿರುತ್ತದೆ. ಸತ್ತದ್ದಕ್ಕೆ ಹತ್ತು ಸಲ -9 ಕೊಟ್ಟು ಪ್ರಯೋಜನವಿಲ್ಲ, ತಾಯಿಯನ್ನು ವಿಚಾರಿಸಬೇಕು. ಡಿ ಅಂತ ಇದ್ದರೆ ಅದು ಕರ್ನಲ್ ಒಳಗೆ, ಹೆಚ್ಚಾಗಿ ಡಿಸ್ಕ್ ಅಥವಾ ನೆಟ್‌ವರ್ಕ್ ಮೇಲಿನ ಫೈಲ್ ವ್ಯವಸ್ಥೆ ಎನ್‌ಎಫ್‌ಎಸ್‌ಗೆ ಕಾಯುತ್ತಿದೆ. ಸಾಮಾನ್ಯವಾಗಿ ಅಲ್ಲಿಂದ ಬರುವವರೆಗೆ ಯಾವ ಸನ್ನೆಯೂ ನಾಟುವುದಿಲ್ಲ.

ಸನ್ನೆ ಮಾಡುವ ಮೊದಲು ಯಾರಿಗೆ ಅಂತ ಗೊತ್ತಿರಬೇಕು. ಪಿಎಸ್ ಕೊಟ್ಟು ಅದರ ಪಟ್ಟಿಯನ್ನು ಪದ ಹುಡುಕುವ ಗ್ರೆಪ್‌ಗೆ ಪೈಪ್ ಮಾಡಿ (ದಾಟಿಸಿ), ಆ ಗ್ರೆಪ್ಪೇ ಪಟ್ಟಿಯಲ್ಲಿ ಬಂತು ಅಂತ ಅದನ್ನು ತೆಗೆಯಲು ಇನ್ನೊಂದು ಗ್ರೆಪ್ ಹಾಕುವುದನ್ನು ದಯವಿಟ್ಟು ಬಿಡಿ. ಪಿಗ್ರೆಪ್ ಇರುವುದೇ ಇದಕ್ಕೆ, ಅದು ತನ್ನನ್ನು ತಾನು ಎಂದೂ ತೋರಿಸುವುದಿಲ್ಲ. ಆದರೆ ಅದು ಹೆಸರು ಹುಡುಕುತ್ತದೆ ಅನ್ನುವುದೂ ಅರ್ಧ ಸತ್ಯ. ಅದಕ್ಕೆ ಕೊಡುವುದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಹುಡುಕುವ ಮಾದರಿ. ನೋಡ್ ಅಂತ ಕೊಟ್ಟರೆ ಹೆಸರಿನ ನಡುವೆ ಎಲ್ಲಿ ನೋಡ್ ಇದ್ದರೂ ಸಿಗುತ್ತದೆ, ಪೂರ್ತಿ ಹೊಂದಬೇಕಾದರೆ -ಎಕ್ಸ್ ಬೇಕು. ಲಿನಕ್ಸ್‌ನಲ್ಲಿ ಕರ್ನಲ್ ಇಟ್ಟುಕೊಳ್ಳುವ ಹೆಸರು 15 ಅಕ್ಷರಕ್ಕೆ ನಿಲ್ಲುತ್ತದೆ. ಉದ್ದ ಹೆಸರು ಕೊಟ್ಟು ಏನೂ ಸಿಗಲಿಲ್ಲ ಅಂದರೆ ಪ್ರೋಸೆಸ್ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಅದಕ್ಕೆ -ಎಫ್ ಇದೆ, ಇಡೀ ಕಮಾಂಡ್ ಸಾಲಿನಲ್ಲಿ ಹುಡುಕುತ್ತದೆ. ಅದರ ಅಪಾಯವೂ ಅಲ್ಲೇ ಇದೆ. ಸರ್ವರ್ ಡಾಟ್ ಪಿವೈ ಓಡುತ್ತಿದೆ ಅಂತ ಆ ಹೆಸರಿಗೆ ಪಿಕಿಲ್ -ಎಫ್ (ಪಿಕಿಲ್ ಅಂದರೆ ಹುಡುಕಿ ಸಿಗ್ನಲ್ ಕಳಿಸುವ ಕಮಾಂಡ್) ಕೊಟ್ಟರೆ, ಅದೇ ಫೈಲ್ ತೆರೆದುಕೊಂಡು ಕೂತ ಎಡಿಟರ್‌ಗೂ ಟರ್ಮ್ ಹೋಗುತ್ತದೆ. ಮೊದಲು ಅದೇ ಪದಗಳನ್ನು ಪಿಗ್ರೆಪ್ -ಎಎಫ್‌ಗೆ ಕೊಟ್ಟು ಪಟ್ಟಿ ಓದಿ, ಆಮೇಲೆ ಪಿಗ್ರೆಪ್ ಇದ್ದ ಕಡೆ ಪಿಕಿಲ್ ಹಾಕಿ, -ಎ ತೆಗೆಯಿರಿ. ಎರಡೂ ಹುಡುಕುವ ರೀತಿ ಒಂದೇ.

ಕಿಲ್‌ಆಲ್ ಹೆಸರನ್ನಂತೂ ಯಂತ್ರ ನೋಡಿ ಬಳಸಿ. ಲಿನಕ್ಸ್‌ನಲ್ಲಿ ಆ ಹೆಸರಿನ ಎಲ್ಲಕ್ಕೂ ಅಂತ ಅರ್ಥ. ಹಳೆಯ ಸೋಲಾರಿಸ್ ಅನ್ನುವ ಯೂನಿಕ್ಸ್‌ನಲ್ಲಿ ಎಲ್ಲಕ್ಕೂ ಅಂದರೆ ನಿಜವಾಗಿಯೂ ಎಲ್ಲಕ್ಕೂ, ಅದು ಯಂತ್ರ ಮುಚ್ಚುವಾಗ ಬಳಸುವ ಕಮಾಂಡ್.

ನಂಬರ್‌ಗಳಿಗಿಂತ ಹೆಸರು ಬರೆಯುವುದು ಒಳ್ಳೆಯದು. ಯುಎಸ್‌ಆರ್1 ಮಾಮೂಲಿ ಲಿನಕ್ಸ್‌ನಲ್ಲಿ 10, ಮ್ಯಾಕ್‌ನಲ್ಲಿ 30. ಕಿಲ್ -1 ಅಂತ ಬರೆದು ಮುಂದೆ ಪಿಐಡಿ ಕೊಟ್ಟರೆ ಅದು ಹಪ್. ಆದರೆ ಸಿಗ್ನಲ್ ಹೇಳಿದ ಮೇಲೆ, ಪಿಐಡಿ ಬರಬೇಕಾದ ಜಾಗದಲ್ಲಿ -1 ಬಂದರೆ ನಿಮಗೆ ಅನುಮತಿ ಇರುವ ಎಲ್ಲ ಪ್ರೋಸೆಸ್‌ಗಳಿಗೂ ಆ ಸಿಗ್ನಲ್ ಹೋಗುತ್ತದೆ. ಕಿಲ್ -ಹಪ್ ಅಂತ ಬರೆಯುವ ಅಭ್ಯಾಸ ಇದ್ದರೆ ಈ ಎರಡು -1 ಎಂದೂ ಒಂದೇ ಸಾಲಿನಲ್ಲಿ ಕಲೆಯುವುದಿಲ್ಲ.