ಕಿರುಚುವುದು ಬೆಲ್ಟ್, ತಪ್ಪು ಟೆನ್ಷನರ್‌ದು: ಡ್ರೈವ್ ಬೆಲ್ಟ್ ಬಗ್ಗೆ ನನ್ನ ಟಿಪ್ಪಣಿ

ಮಳೆಗಾಲದ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದೊಡನೆ ಬಾನೆಟ್ ಒಳಗಿಂದ ‘ಕೀಂಯ್’ ಎಂದು ಕಿರುಚಿ, ಅರ್ಧ ನಿಮಿಷದಲ್ಲಿ ತಾನೇ ಸುಮ್ಮನಾಗುವ ಸದ್ದು ನೀವೂ ಕೇಳಿರುತ್ತೀರಿ. ನನ್ನ ಗಾಡಿಯಲ್ಲಿ ಅದು ಶುರುವಾದಾಗ ಬೆಲ್ಟ್ ಬದಲಿಸಿದೆ. ಬೇಸಿಗೆಯೆಲ್ಲ ಸುಖ. ಮೊದಲ ಮಳೆಗೆ ಹೊಸ ಬೆಲ್ಟೂ ಅದೇ ರಾಗ ತೆಗೆಯಿತು. ಎರಡನೇ ಬೆಲ್ಟಿಗೆ ದುಡ್ಡು ಕೊಡುವ ಮೊದಲು ಕೂತು ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರಿನ ಗೊಂದಲ. ಗ್ಯಾರೇಜಿನಲ್ಲಿ ಇದು ಈಗಲೂ ‘ಫ್ಯಾನ್ ಬೆಲ್ಟ್’. ಹೆಚ್ಚಿನ ಕಾರುಗಳಲ್ಲಿ ಫ್ಯಾನಿಗೆ ಬೇರೆಯೇ ಮೋಟಾರ್ ಬಂದು ವರ್ಷಗಳಾದವು, ಹೆಸರು ಮಾತ್ರ ಹೋಗಿಲ್ಲ. ಎಂಜಿನ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ತಿರುಗುವಿಕೆಯನ್ನು ಈ ಬೆಲ್ಟ್, ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್‌ಗೆ, ಎ.ಸಿ. ಕಂಪ್ರೆಸರ್‌ಗೆ, ಕೆಲವು ಗಾಡಿಗಳಲ್ಲಿ ವಾಟರ್ ಪಂಪ್‌ಗೆ ಮತ್ತು ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಪಂಪ್‌ಗೆ ಮುಟ್ಟಿಸುತ್ತದೆ. ಟೈಮಿಂಗ್ ಬೆಲ್ಟ್ ಬೇರೆ: ಅದಕ್ಕೆ ಅಡ್ಡ ಹಲ್ಲುಗಳಿವೆ, ಮುಚ್ಚಳದ ಒಳಗಿರುತ್ತದೆ, ಅದು ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಗ್ಗುತ್ತವೆ. ಅಂಗಡಿಯಲ್ಲಿ ಕೇಳುವಾಗ ಎರಡನ್ನೂ ಕಲಸಬೇಡಿ.

ಬೆಲ್ಟಿನ ಬೆನ್ನ ಮೇಲೆ 6ಪಿಕೆ1070 ಎಂಬಂಥ ಸಂಖ್ಯೆ ಇರುತ್ತದೆ. 6 ಎಂದರೆ ಉದ್ದುದ್ದ ಏಣುಗಳ ಎಣಿಕೆ, ಪಿಕೆ ಎಂದರೆ ಏಣಿನ ಆಕಾರ, 1070 ಎಂದರೆ ಮಿಲಿಮೀಟರಿನಲ್ಲಿ ಉದ್ದ. ಒಂದು ಏಣಿನಿಂದ ಇನ್ನೊಂದಕ್ಕೆ 3.56 ಮಿ.ಮೀ. ಅಂದರೆ ಆರು ಏಣಿನ ಬೆಲ್ಟ್ ಸುಮಾರು 21 ಮಿ.ಮೀ. ಅಗಲ.

ಈಗ ಕಿರುಚುವುದೇಕೆ ಎಂಬ ಪ್ರಶ್ನೆ. ನನಗೆ ಅತಿ ಹೆಚ್ಚು ಹಿಡಿಸಿದ ಭಾಗ ಇದೇ, ಸ್ವಲ್ಪ ತಾಳ್ಮೆಯಿಂದ ಓದಿ. ಕೊಸರಾಡುವ ಎತ್ತಿನ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿಬಿಟ್ಟರೆ ಹುಡುಗನೂ ಅದನ್ನು ಹಿಡಿದು ನಿಲ್ಲಿಸಬಲ್ಲ. ಬೆಲ್ಟಿನ ಲೆಕ್ಕವೂ ಅದೇ. ಪುಲ್ಲಿಯ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ. ಬಿಗಿ ಬದಿಯ ಎಳೆತ ಸಡಿಲ ಬದಿಯದರ ಎಷ್ಟು ಪಟ್ಟಾಗುವವರೆಗೆ ಬೆಲ್ಟ್ ಜಾರುವುದಿಲ್ಲ ಎಂಬುದು ಘರ್ಷಣೆ ಮತ್ತು ಸುತ್ತಿಕೊಂಡ ಕೋನ, ಈ ಎರಡರ ಮೇಲೆ ನಿಂತಿದೆ. ಗಣಿತಜ್ಞ ಆಯ್ಲರ್ ಹೆಸರಿನಲ್ಲಿರುವ ಸೂತ್ರ ಹೇಳುವುದು ಇದನ್ನೇ. ಘರ್ಷಣಾಂಕ 0.3, ಸುತ್ತು 120 ಡಿಗ್ರಿ ಎಂದು ಇಟ್ಟುಕೊಳ್ಳಿ. ಚಪ್ಪಟೆ ಬೆಲ್ಟಿಗೆ ಬರುವ ಉತ್ತರ ಸುಮಾರು 1.9 ಪಟ್ಟು. ಏಣುಗಳು ಪುಲ್ಲಿಯ 40 ಡಿಗ್ರಿ ತೋಡುಗಳೊಳಗೆ ಬೆಣೆಯಂತೆ ಸಿಕ್ಕಿಕೊಳ್ಳುವುದರಿಂದ ಅದೇ ರಬ್ಬರು 6.3 ಪಟ್ಟು ತಡೆಯುತ್ತದೆ. ಏಣು ಯಾಕೆ ಬೇಕು ಎಂಬುದಕ್ಕೆ ಇಷ್ಟು ಸಾಕು.

ಇನ್ನು ಹೊರೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ಎಂಜಿನ್ ನಿಮಿಷಕ್ಕೆ 800 ಸುತ್ತು, ಆಲ್ಟರ್ನೇಟರ್ ಅದರ ಎರಡೂವರೆ ಪಟ್ಟು, ಅಂದರೆ 2000. ಸ್ಟಾರ್ಟರ್ ಆಗತಾನೇ ಬ್ಯಾಟರಿ ಹೀರಿದೆ, ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಉರಿಯುತ್ತಿವೆ. ಆಲ್ಟರ್ನೇಟರ್ 14 ವೋಲ್ಟಿನಲ್ಲಿ 40 ಆಂಪಿಯರ್ ಕೊಡುತ್ತಿದೆ ಎನ್ನಿ. ನೂರಕ್ಕೆ 55 ಪಾಲು ದಕ್ಷತೆ ಹಿಡಿದರೆ ಅದು ಬೆಲ್ಟಿನಿಂದ ಸುಮಾರು 1 ಕಿಲೋವಾಟ್ ಕೇಳುತ್ತದೆ. 55 ಮಿ.ಮೀ. ಪುಲ್ಲಿಯಲ್ಲಿ ಇದು ಎರಡು ಬದಿಗಳ ನಡುವೆ 18 ಕೆ.ಜಿ.ಯಷ್ಟು ಎಳೆತದ ವ್ಯತ್ಯಾಸ. ಒಣ ಬೆಲ್ಟಾದರೆ ಸಡಿಲ ಬದಿಯಲ್ಲಿ 3.4 ಕೆ.ಜಿ. ಬಿಗಿ ಇದ್ದರೂ ನಡೆಯುತ್ತದೆ. ಈಗ ಅದಕ್ಕೆ ನೀರು ಹನಿಸಿ, ಘರ್ಷಣೆ ಅರ್ಧಕ್ಕಿಳಿಯಲಿ: 6.3 ಪಟ್ಟು ಇದ್ದದ್ದು 2.5ಕ್ಕೆ ಬೀಳುತ್ತದೆ, ಬೇಕಾದ ಬಿಗಿ 12 ಕೆ.ಜಿ.ಗೆ ಏರುತ್ತದೆ. ಬೆಲ್ಟನ್ನು ಬಿಗಿಯಾಗಿಡುವ ಸ್ಪ್ರಿಂಗ್ ತೋಳೇ ಟೆನ್ಷನರ್; ಸ್ಪ್ರಿಂಗ್ ಸೋತ ಟೆನ್ಷನರ್ ಬೇಸಿಗೆಯಲ್ಲಿ ಮಾನ ಉಳಿಸಿಕೊಂಡು ಮಳೆಯಲ್ಲಿ ಬಯಲಾಗುವುದು ಹೀಗೆ. ನನ್ನ ಗಾಡಿಯ ಕಥೆಯೂ ಇದೇ ಆಗಿತ್ತು. ಹೊಸ ಬೆಲ್ಟ್ ಪಾಪ ಏನು ಮಾಡೀತು?

ಅನುಮಾನವಿದ್ದರೆ ನೀರಿನ ಪರೀಕ್ಷೆ ಮಾಡಿ. ಐಡಲ್‌ನಲ್ಲಿ ಏಣಿನ ಬದಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು. ಸದ್ದು ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ಸದ್ದು ಕ್ಷಣಕಾಲ ನಿಂತು ಮತ್ತೆ ‘ಚಿಕ್ ಚಿಕ್’ ಎಂದರೆ ಯಾವುದೋ ಪುಲ್ಲಿ ನೇರದಲ್ಲಿಲ್ಲ. ತೋಳು ಮಡಚಿಕೊಳ್ಳಿ, ಸಡಿಲ ಬಟ್ಟೆ, ಐಡಿ ಕಾರ್ಡಿನ ದಾರ ಬೇಡವೇ ಬೇಡ. ಬೆಲ್ಟಿಗೆ ಹೊಡೆಯುವ ಅಂಟುಸ್ಪ್ರೇ ನನಗೆ ಒಂಚೂರೂ ಇಷ್ಟವಿಲ್ಲ. ಹಿಟ್ಟಿನ ಗಿರಣಿಯ ಚಪ್ಪಟೆ ಪಟ್ಟೆಗೆ ರಾಳ ಹಚ್ಚುವ ಅಭ್ಯಾಸವನ್ನು ಇಲ್ಲಿಗೆ ತಂದರೆ, ಸದ್ದು ನಾಲ್ಕು ದಿನ ಅಡಗಿ, ಅಂಟಿಗೆ ಧೂಳು ಮೆತ್ತುತ್ತದೆ.

ಬೆಲ್ಟ್ ನೋಡುವ ಕಣ್ಣೂ ಬದಲಾಗಬೇಕು. ಹಳೆಯ ನಿಯೋಪ್ರೀನ್ ಬೆಲ್ಟುಗಳು ಬಿರುಕು ಬಿಡುತ್ತಿದ್ದವು. ಒಂದು ಏಣಿನಲ್ಲಿ ಮೂರು ಇಂಚಿನೊಳಗೆ ಮೂರು ಬಿರುಕು ಕಂಡರೆ ಬದಲಿಸಿ ಎಂಬ ರೂಢಿ ಆಗಿನದು. ಈಗಿನ ಇಪಿಡಿಎಂ ರಬ್ಬರ್ ಸುಲಭಕ್ಕೆ ಬಿರಿಯುವುದಿಲ್ಲ, ಟೈರಿನಂತೆ ಸವೆಯುತ್ತದೆ. ಏಣುಗಳ ನಡುವಿನ ಕಣಿವೆ ಅಗಲವಾಗಿ ಏಣು ಪುಲ್ಲಿಯ ತೋಡಿನ ತಳಕ್ಕೆ ತಾಗಿದರೆ ಬೆಣೆಯ ಹಿಡಿತ ಹೋಯಿತು. ನೋಡಲು ಹೊಸದರಂತಿದ್ದು ಕೆಲಸಕ್ಕೆ ಬಾರದ ಬೆಲ್ಟ್ ಅದು. ಎಂಜಿನ್ ಆಯಿಲ್ ತಾಗಿದರೆ ಇಪಿಡಿಎಂ ಉಬ್ಬಿ ಮೆತ್ತಗಾಗುತ್ತದೆ, ಹಾಗಾಗಿ ಸೋರಿಕೆ ನಿಲ್ಲಿಸದೆ ಹೊಸದು ಹಾಕುವುದು ದಂಡ.

ಬದಲಿಸುವ ಕೆಲಸ ಅಷ್ಟೇನೂ ಕಷ್ಟದ್ದಲ್ಲ. ಎಂಜಿನ್ ತಣ್ಣಗಿರಲಿ, ಕೀ ಜೇಬಿನಲ್ಲಿರಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬೆಲ್ಟ್ ಸುತ್ತಿರುವ ದಾರಿಯ ಫೋಟೊ ತೆಗೆದುಕೊಳ್ಳಿ. ‘ನೆನಪಿರುತ್ತೆ ಬಿಡು’ ಎಂದವರೆಲ್ಲ ಆಮೇಲೆ ಪರದಾಡಿದವರೇ. ಆಟೊಮ್ಯಾಟಿಕ್ ಟೆನ್ಷನರ್ ಇದ್ದರೆ ಉದ್ದ ಹಿಡಿಯ ಸ್ಪ್ಯಾನರ್‌ನಿಂದ ಅದರ ತೋಳನ್ನು ತಿರುಗಿಸಿ ಬೆಲ್ಟ್ ಜಾರಿಸಿ. ಕೈಯಿಂದ ಬಿಗಿ ಮಾಡುವ ಬಗೆಯಾದರೆ ಆಲ್ಟರ್ನೇಟರ್‌ನ ಬೋಲ್ಟ್ ಸಡಿಲಿಸಿ, ಅಡ್ಜಸ್ಟರ್ ತಿರುಗಿಸಿ.

ಬೆಲ್ಟ್ ಇಲ್ಲದ ಆ ಐದು ನಿಮಿಷ ಎಲ್ಲಕ್ಕಿಂತ ಮುಖ್ಯ. ಕ್ರ್ಯಾಂಕ್ ಬಿಟ್ಟು ಉಳಿದ ಒಂದೊಂದೇ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ, ಅಲುಗಾಡಿಸಿ. ಮರಳು ಅರೆದಂತೆ ಸದ್ದು ಬಂದರೆ ಬೇರಿಂಗ್ ಮುಗಿದಿದೆ. ಟೆನ್ಷನರ್ ತೋಳು ಎಳೆದು ಬಿಟ್ಟಾಗ ತಡೆಯಿಲ್ಲದೆ ಗಟ್ಟಿಯಾಗಿ ಮರಳಬೇಕು. ಪುಲ್ಲಿಯ ತೋಡುಗಳಲ್ಲಿ ಸಿಕ್ಕ ಕೊಳೆಯನ್ನು ಬ್ರಷ್‌ನಿಂದ ತೆಗೆಯಿರಿ. ನನ್ನ ಟೆನ್ಷನರ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಮೊದಲ ಸಲ ನಾನು ಮುಟ್ಟಿಯೂ ನೋಡಿರಲಿಲ್ಲ.

ಹೊಸದನ್ನು ಹಾಕುವಾಗ ನುಣುಪು ಪುಲ್ಲಿಯನ್ನು ಕೊನೆಗಿಟ್ಟುಕೊಳ್ಳಿ, ಸುಲಭ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಒಳಗಿನ ನೂಲು ಕಾಣದಂತೆ ಕಡಿಯುತ್ತದೆ. ಒಂದು ಏಣು ಪಕ್ಕಕ್ಕೆ ಸರಿದು ಕೂತಿಲ್ಲವೇ ಎಂದು ಪ್ರತಿ ಪುಲ್ಲಿಯಲ್ಲೂ ಬೆರಳಾಡಿಸಿ. ಕೈಯಿಂದ ಬಿಗಿ ಮಾಡುವ ಬಗೆಯಲ್ಲಿ ಉದ್ದನೆಯ ಭಾಗವನ್ನು ಸುಮಾರು 10 ಕೆ.ಜಿ. ಬಲದಿಂದ ಒತ್ತಿ, ಎಷ್ಟು ಮಿ.ಮೀ. ತಗ್ಗಬೇಕೆಂದು ಗಾಡಿಯ ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ಹೊಂದಿಸಿ. ಸ್ವಲ್ಪ ಓಡಿಸಿದ ಮೇಲೆ ಮತ್ತೆ ನೋಡಿ, ಹೊಸ ಬೆಲ್ಟ್ ಕೂತುಕೊಂಡು ಸಡಿಲಾಗಿರುತ್ತದೆ. ಇರಲಿ ಎಂದು ಒಂದೆರಡು ಸುತ್ತು ಹೆಚ್ಚು ಬಿಗಿದರೆ ಆಲ್ಟರ್ನೇಟರ್, ವಾಟರ್ ಪಂಪ್‌ಗಳ ಬೇರಿಂಗ್ ತಿನ್ನುತ್ತದೆ.

ದಾರಿಯಲ್ಲೇ ತುಂಡಾದರೆ ಮೊದಲು ಹೊತ್ತುವುದು ಬ್ಯಾಟರಿಯ ಕೆಂಪು ದೀಪ. ವಾಟರ್ ಪಂಪ್ ಬೇರೆ ಕಡೆಯಿಂದ ತಿರುಗುವ ಗಾಡಿಯಾದರೆ ಎ.ಸಿ., ಬೇಡದ ದೀಪ ಆರಿಸಿ, ಬ್ಯಾಟರಿ ತಡೆದಷ್ಟು ದೂರ ಹತ್ತಿರದ ಗ್ಯಾರೇಜಿಗೆ ಹೋಗಬಹುದು. ಪಂಪ್ ಇದೇ ಬೆಲ್ಟಿನಲ್ಲಿದ್ದರೆ ಒಂದು ಕಿಲೋಮೀಟರ್ ಆಸೆಯೂ ಬೇಡ, ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ.