ಟೈಮಿಂಗ್ ತಾನಾಗಿ ಜಾರುವುದಿಲ್ಲ

ಕಲಬುರಗಿಯ ನನ್ನ ಗ್ಯಾರೇಜಿಗೆ ಇಂದಿಗೂ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಕಾರ್ಬ್ಯುರೇಟರ್ ಕಾಲದ ಮಾರುತಿ 800 ಬರುತ್ತವೆ. ಅಪ್ಪ ಕೊಂಡ ಗಾಡಿ, ಮಾರಲು ಮನಸ್ಸಿಲ್ಲ ಎನ್ನುವವರು ಕೆಲವರು. ಆಳಂದ, ಸೇಡಂ ಕಡೆಯ ಹೊಲಕ್ಕೆ ಹೋಗಿಬರಲು ಇಷ್ಟು ಸಾಕು ಎನ್ನುವವರು ಹಲವರು. ದೂರು ಮಾತ್ರ ಒಂದೇ: ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ನನ್ನ ಬಳಿ ಬರುವ ಹೊತ್ತಿಗೆ ಯಾರೋ ಒಬ್ಬರು ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಬೋಲ್ಟ್ ಸಡಿಲಿಸಿ ಅದನ್ನು ಅತ್ತಿತ್ತ ತಿರುಗಿಸಿ ಬಿಟ್ಟಿರುತ್ತಾರೆ. ಇದ್ದ ರೋಗದ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ಆ ಬೋಲ್ಟ್ ಬಿಗಿಯಾಗಿತ್ತು ಎಂದಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸುಮ್ಮನೆ ಕೆಡುವುದಿಲ್ಲ. ಒಳಗೆ ಏನೋ ಸವೆದಿರಬೇಕು. ಸವೆದದ್ದನ್ನು ಹುಡುಕದೆ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ದೋಷ ಅಡಗುತ್ತದೆ, ಹೋಗುವುದಿಲ್ಲ.

ಹಾಗಾಗಿ ನಾನು ಮೊದಲು ಕೇಳುವುದು: ತಣ್ಣಗಿದ್ದಾಗ ಹಿಡಿಯುವುದಿಲ್ಲವೋ, ಬಿಸಿಯಾದ ಮೇಲೋ? ಬೆಳಿಗ್ಗೆಯ ತೊಂದರೆಯಾದರೆ ಬ್ಯಾಟರಿಯಿಂದ ಶುರು ಮಾಡುತ್ತೇನೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಆದರೆ ಮುಖ್ಯವಾದದ್ದು ಸೆಲ್ಫ್ ಹೊಡೆಯುವಾಗಿನ ಅಂಕಿ. ಅದು 9.5 ವೋಲ್ಟ್‌ಗಿಂತ ಕೆಳಗಿಳಿದರೆ ಇರುವ ಶಕ್ತಿಯನ್ನೆಲ್ಲ ಸೆಲ್ಫೇ ನುಂಗುತ್ತಿದೆ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಉಳಿಯುವುದು ಅಲ್ಪ. ಕೀ ಬಿಟ್ಟ ಕ್ಷಣದಲ್ಲಿ ಎಂಜಿನ್ ಹಿಡಿದುಕೊಂಡರೆ ಈ ಅನುಮಾನ ಗಟ್ಟಿಯಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಸೆಲ್ಫ್ ತಿರುಗುವಾಗ ಹಿಡಿದು ಕೀ ಬಿಟ್ಟೊಡನೆ ಆರಿಹೋದರೆ, ಬ್ಯಾಲಾಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ಭಾಗ) ಇರುವ ಗಾಡಿಗಳಲ್ಲಿ ಅದನ್ನೂ ಇಗ್ನಿಷನ್ ಸ್ವಿಚ್ಚನ್ನೂ ನೋಡಬೇಕು.

ಎಂಜಿನ್ ಸದ್ದನ್ನೂ ಕೇಳಿಸಿಕೊಳ್ಳಿ. ಸೆಲ್ಫ್ ತಿರುಗುತ್ತ ತಿರುಗುತ್ತ ತಡೆದು, ಹಿಂದಕ್ಕೆ ಒದ್ದಂತೆ ಆದರೆ ಕಿಡಿ ಬೇಗ ಬರುತ್ತಿದೆ. ಬಹಳ ಹೊತ್ತು ತಿರುಗಿದ ಮೇಲೆ ಹಿಡಿದು, ಸೈಲೆನ್ಸರಿನಲ್ಲಿ ಪಟಪಟ ಸಿಡಿದು, ಏರಿನಲ್ಲಿ ಎಳೆಯದೆ ಬೇಗ ಬಿಸಿಯಾದರೆ ಕಿಡಿ ತಡವಾಗುತ್ತಿದೆ. ಹಳೆಯ ಗಾಡಿಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಎರಡನೆಯದನ್ನು. ಕಾರಣ ಬಹುತೇಕ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದಾಗಲೆಲ್ಲ ಕಿಡಿ ಹುಟ್ಟಿಸುವ ಕಾಂಟ್ಯಾಕ್ಟ್ ಪಾಯಿಂಟುಗಳಲ್ಲಿಯೇ ಇರುತ್ತದೆ. ಪಾಯಿಂಟನ್ನು ತೆರೆಯಲು ಶಾಫ್ಟಿನ ಉಬ್ಬುಗಳಿಗೆ, ಅಂದರೆ ಕ್ಯಾಮ್‌ಗೆ, ಉಜ್ಜುವ ಫೈಬರ್ ತುಂಡು ಕಾಲಕ್ರಮೇಣ ಸವೆಯುತ್ತದೆ, ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ಅಷ್ಟೇ ತಡ. ಕ್ಯಾಮ್ ಮೇಲೆ ತುಸು ಗ್ರೀಸ್ ಹಚ್ಚದೆ ಪಾಯಿಂಟ್ ಕೂರಿಸಿದ್ದರೆ ಈ ಸವೆತ ಇನ್ನೂ ಬೇಗ. ಗ್ಯಾಪ್ 0.4 ಮಿ.ಮೀ. ಆಸುಪಾಸು ಇರಬೇಕು, ಸರಿಯಾದ ಅಂಕಿ ಗಾಡಿಯ ಪುಸ್ತಕದಲ್ಲಿರುತ್ತದೆ. ಗ್ಯಾಪ್ ಬದಲಾದಾಗಲೆಲ್ಲ ಟೈಮಿಂಗ್ ಬದಲಾಗುವುದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ತಿರುವುಮುರುವು ಮಾಡಿದವರು ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ. ಪಾಯಿಂಟ್ ಸುಟ್ಟು ಕಪ್ಪಾಗಿದ್ದರೆ ಅದನ್ನು ಸುಡದಂತೆ ಕಾಯುವ ಕಂಡೆನ್ಸರ್ ಕೂಡ ಬದಲಿಸಿ. ಅಗ್ಗದ ವಸ್ತು, ಅದರ ಮೇಲೆ ಜಿಪುಣತನ ಬೇಡ.

ಕಿಡಿಯ ಜೊತೆ ಮಿನುಗಿ ಗುರುತು ತೋರಿಸುವ ಟೈಮಿಂಗ್ ಲೈಟ್ ಇಲ್ಲದಿದ್ದರೂ 12 ವೋಲ್ಟ್ ಟೆಸ್ಟ್ ಲ್ಯಾಂಪ್ ಸಾಕು. ಒಂದನೆಯ ಸಿಲಿಂಡರ್ ಕಂಪ್ರೆಷನ್‌ನಲ್ಲಿರುವಂತೆ ಎಂಜಿನ್ ತಿರುಗಿಸಿ, ಪುಲ್ಲಿ ಅಥವಾ ಫ್ಲೈವೀಲ್ ಮೇಲಿನ ಟೈಮಿಂಗ್ ಗುರುತನ್ನು ಎಂಜಿನ್ ಮೇಲಿನ ಗುರುತಿಗೆ ಕೂಡಿಸಿ. ಎರಡು ಸುತ್ತಿನಲ್ಲಿ ಗುರುತು ಎರಡು ಸಲ ಕೂಡುತ್ತದೆ, ಕಂಪ್ರೆಷನ್ ಒಮ್ಮೆ ಮಾತ್ರ. ಪ್ಲಗ್ ಬಿಚ್ಚಿ ರಂಧ್ರಕ್ಕೆ ಬೆರಳಿಟ್ಟರೆ ಗಾಳಿ ನೂಕುವುದು ತಿಳಿಯುತ್ತದೆ. ಲ್ಯಾಂಪನ್ನು ಕಾಯಿಲ್‌ನ ಪಾಯಿಂಟ್ ಕಡೆಯ ಟರ್ಮಿನಲ್‌ಗೂ ಬಾಡಿಗೂ ಸೇರಿಸಿ, ಇಗ್ನಿಷನ್ ಆನ್ ಮಾಡಿ, ಡಿಸ್ಟ್ರಿಬ್ಯೂಟರ್ ಅನ್ನು ಮೆಲ್ಲಗೆ ತಿರುಗಿಸಿ. ದೀಪ ಹತ್ತಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಒಳಗಿನ ರೋಟರ್ (ಕಿಡಿ ಹಂಚುವ ತಿರುಗು ತುಂಡು) ತಿರುಗುವ ದಿಕ್ಕಿಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಕಿಡಿ ತಡವಾಗುತ್ತದೆ, ಎದುರು ದಿಕ್ಕಿಗಾದರೆ ಬೇಗ.

ಇಷ್ಟಾದರೂ ಎಳೆತ ಬಾರದ ಮಾರುತಿ 800 ಬಂದರೆ ನಾನು ಟೈಮಿಂಗ್ ಬೆಲ್ಟ್ ಕವರ್ ಬಿಚ್ಚುತ್ತೇನೆ. ಅದರಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ನಿಂದ, ಅದನ್ನು ತಿರುಗಿಸುವುದು ಈ ಬೆಲ್ಟ್. ಬೆಲ್ಟ್ ಒಂದು ಹಲ್ಲು ಜಾರಿದರೆ ಕಿಡಿ, ವಾಲ್ವ್ ಎರಡೂ ತಪ್ಪುತ್ತವೆ. ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿಡಿಯನ್ನು ಸರಿಮಾಡಬಹುದು; ವಾಲ್ವ್ ಹಾಗೆಯೇ ತಪ್ಪಾಗಿ ಉಳಿಯುತ್ತದೆ. ಇನ್ನು ಟೈಮಿಂಗ್ ಲೈಟಿನ ಕೆಳಗೆ ಗುರುತು ಒಂದೆಡೆ ನಿಲ್ಲದೆ ಕುಣಿಯುತ್ತಿದ್ದರೆ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಬುಷ್ ಸವೆದಿದೆ. ಆಗ ಗ್ಯಾಪ್ ಎಷ್ಟು ಸಲ ಹೊಂದಿಸಿದರೂ ವ್ಯರ್ಥ.

ಬೇಸಿಗೆಯ ಕಥೆ ಬೇರೆ. ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು 42 ಡಿಗ್ರಿ ದಾಟಿದಾಗ, ಸೂಪರ್ ಮಾರ್ಕೆಟ್‌ನಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಬಂದರೆ ಎಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹಿಡಿಯುತ್ತದೆ. ಟೈಮಿಂಗ್ ಮುಟ್ಟುವ ಮೊದಲು ಏರ್ ಫಿಲ್ಟರ್ ತೆಗೆದು, ಎಂಜಿನ್ ನಿಂತಿರುವಾಗಲೇ, ಥ್ರಾಟಲ್ ಒಮ್ಮೆ ಎಳೆದು ನೋಡಿ. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಚಿಮ್ಮದಿದ್ದರೆ ಪೈಪಿನಲ್ಲೋ ಪಂಪಿನಲ್ಲೋ ಆವಿ ಕಟ್ಟಿದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಪೆಟ್ರೋಲ್ ವಾಸನೆ ಅಡರಿ ಪ್ಲಗ್ ಒದ್ದೆಯಾಗಿದ್ದರೆ ಕಾರ್ಬ್ಯುರೇಟರಿನ ಬೌಲಿನಲ್ಲಿ ಕುದಿದ ಪೆಟ್ರೋಲ್ ಒಳಗೆ ಸುರಿದಿದೆ. ಚೋಕ್ ಮುಟ್ಟದೆ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಪದೇಪದೇ ಒತ್ತಿ ಬಿಡಬೇಡಿ. ಈ ಎರಡೂ ಅಲ್ಲದೆ ಕಿಡಿಯೇ ಇಲ್ಲವೆಂದಾದರೆ ಬಿಸಿಗೆ ಕೈಕೊಡುವ ಕಾಯಿಲ್ ಇರಬೇಕು. ಅದನ್ನು ತಣ್ಣಗಿದ್ದಾಗ ಪರೀಕ್ಷಿಸಿ ಚೆನ್ನಾಗಿದೆ ಎಂದು ಮರಳಿಸುವವರೇ ಹೆಚ್ಚು.

ಶಹಾಬಾದ್, ವಾಡಿ ಕಡೆ ಓಡುವ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ, ವೇಗ ಏರಿದಂತೆ ಕಿಡಿಯನ್ನು ಬೇಗ ಮಾಡುವ ಅಡ್ವಾನ್ಸ್ ತೂಕಗಳನ್ನು ಮರೆಯಬೇಡಿ. ಸುಣ್ಣಕಲ್ಲಿನ ದೂಳು ಹಳೆಯ ಗ್ರೀಸ್ ಜೊತೆ ಸೇರಿ ಅವು ಅಂಟಿಕೊಳ್ಳುತ್ತವೆ. ಐಡಲ್‌ನಲ್ಲಿ ಎಲ್ಲ ಸರಿ, ವೇಗ ಏರಿಸಿದರೆ ಗುರುತು ಕದಲುವುದಿಲ್ಲ. ಎಂಜಿನ್ನಿನ ಹೀರುವಿಕೆಯಿಂದ ಪಾಯಿಂಟಿನ ಪ್ಲೇಟ್ ಕದಲಿಸಿ ಕಿಡಿಯ ಹೊತ್ತು ಹೊಂದಿಸುವ ವ್ಯಾಕ್ಯೂಮ್ ಡಯಾಫ್ರಮ್ ನೋಡುವುದು ಇನ್ನೂ ಸುಲಭ: ಅದರ ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಕಿತ್ತು ಬಾಯಿಂದ ಹೀರಿ. ಪ್ಲೇಟ್ ಕದಲಿ ಅಲ್ಲೇ ನಿಲ್ಲಬೇಕು. ಗಾಳಿ ಸಲೀಸಾಗಿ ಬಂದರೆ ಡಯಾಫ್ರಮ್ ಹರಿದಿದೆ ಅಥವಾ ಪೈಪ್ ಬಿರುಕು ಬಿಟ್ಟಿದೆ. ಪೈಪ್ ಬಿಚ್ಚಿದಾಗಲೇ ಪೆಟ್ರೋಲ್ ಹೋಸುಗಳನ್ನೂ ಬೆರಳಲ್ಲಿ ಒತ್ತಿ ನೋಡಿ. ಬಂಕುಗಳಲ್ಲಿ ಈಗ ಸಿಗುವ, ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಆ ಕಾಲದ ರಬ್ಬರ್ ತಯಾರಾದದ್ದಲ್ಲ. ಮೆತ್ತಗಾಗಿ ಉಬ್ಬಿದ ಅಥವಾ ಬಿರುಕು ಬಿಟ್ಟ ಹೋಸ್ ಕಂಡರೆ ಎಥೆನಾಲ್ ತಾಳುವ ಹೊಸದನ್ನು ಅಂದೇ ಹಾಕಿಸಿ.