ಮಾಡಿದೆನೋ, ನನಗಾಯಿತೋ?

ಕರ್ತೃ ಅಂದರೆ ಯಾರು ಅಂತ ಕಲಬುರಗಿಯ ನನ್ನ ಭಾಷಾವಿಜ್ಞಾನದ ತರಗತಿಯಲ್ಲಿ ಕೇಳಿದರೆ, 'ಕೆಲಸ ಮಾಡಿದವರು' ಎಂಬ ಉತ್ತರ ತಕ್ಷಣ ಬರುತ್ತದೆ. ಹಾಗಾದರೆ 'ನಾನು ಬಿದ್ದೆ' ಅಂದಾಗ ನಾನು ಮಾಡಿದ್ದೇನು? ಬೀಳುವುದು ನನಗೆ ಆದದ್ದು, ಅಲ್ವಾ? ಆದರೂ ಕನ್ನಡದಲ್ಲಿ 'ಓಡಿದೆ', 'ಬಿದ್ದೆ' ಎರಡಕ್ಕೂ ಒಂದೇ 'ನಾನು'.

ಅಮೆರಿಕದ ಮೂಲನಿವಾಸಿಗಳ ಲಕೋಟಾ ಭಾಷೆ ಹೀಗಲ್ಲ. ಅದು ಈಗ ಅಳಿವಿನಂಚಿನಲ್ಲಿದೆ. ಅದರಲ್ಲಿ 'ನಾನು' ಕ್ರಿಯಾಪದದ ಒಳಗೇ ಸೇರುತ್ತದೆ, ಅದೂ ಎರಡು ರೂಪದಲ್ಲಿ. ಮಾಡುವ ನಾನು 'ವ', ಅನುಭವಿಸುವ ನಾನು 'ಮ'. 'ವಲೋವಾಂ' ಅಂದರೆ ಹಾಡುತ್ತೇನೆ. 'ಮಖೂಝೆ' ಅಂದರೆ ನನಗೆ ಹುಷಾರಿಲ್ಲ. ಬಿದ್ದೆ ಅನ್ನುವಾಗಲೂ 'ಮ'ನೇ. ಇನ್ನು 'ವಕ್ಟೆ' ನಾನು ಅವನನ್ನು ಕೊಂದೆ, 'ಮಕ್ಟೆ' ಅವನು ನನ್ನನ್ನು ಕೊಂದ. ಕಾಯಿಲೆ ಬಿದ್ದವನು, ಜಾರಿ ಬಿದ್ದವನು, ಇನ್ನೊಬ್ಬರ ಕೈಯಲ್ಲಿ ಸತ್ತವನು ಎಲ್ಲರೂ ಒಂದೇ ಸಾಲಿನಲ್ಲಿ! ಈ ವ್ಯವಸ್ಥೆಯ ಅಚ್ಚುಕಟ್ಟು ನನಗೆ ಇಂದಿಗೂ ಬೆರಗು.

ಕನ್ನಡಕ್ಕೂ ಈ ಭೇದ ಗೊತ್ತು. ಅದು ಇಲ್ಲಿ ವಿಭಕ್ತಿಯಲ್ಲಿ ಕಾಣುತ್ತದೆ. ನಮ್ಮ ಕಡೆ 'ನನಗ ಜ್ವರ ಬಂದಾವ್ರಿ' ಅನ್ನುತ್ತಾರೆ. ನರಳುವವನು ನಾನು, ಆದರೆ 'ಬಂದಾವ' ಹೊಂದಿಕೊಳ್ಳುವುದು ಜ್ವರದ ಜೊತೆಗೆ. ಹಸಿವು, ನಿದ್ದೆ, ನೆನಪು, ಸಿಟ್ಟು ಎಲ್ಲವೂ ನನಗೆ ಬರುವಂಥವು.

ತಾಂಡಾಗಳಿಗೆ ಲಂಬಾಣಿ ಮಾತು ಬರೆದುಕೊಳ್ಳಲು ಹೋಗುವ ವಿದ್ಯಾರ್ಥಿಗಳಿಗೆ ಇದನ್ನೇ ಒತ್ತಿ ಹೇಳುತ್ತೇನೆ. ಕೈ, ಕಾಲು, ನೀರು, ರೊಟ್ಟಿ ಅಂತ ನಾಮಪದಗಳ ಪಟ್ಟಿ ತಂದರೆ ಸಾಲದು. 'ನನಗೆ ಹಸಿವಾಗಿದೆ, ನಿಮ್ಮಲ್ಲಿ ಹೇಗಂತೀರಿ?' ಅಂತ ಕನ್ನಡದಲ್ಲಿ ಕೇಳಿದರೆ, ಎದುರಿನವರು ಪಾಪ, ಕನ್ನಡದ ಅಚ್ಚಿನಲ್ಲೇ ಉತ್ತರ ಕೊಡುವ ಸಾಧ್ಯತೆ ಜಾಸ್ತಿ. ಆಗ ಅವರ ವ್ಯಾಕರಣ ನಿಮ್ಮ ಪ್ರಶ್ನೆಯ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಈ ಕೆಲಸದಲ್ಲಿ ಭಾಷಾತಜ್ಞೆ ಎಲಾ ಡೆಲೋರಿಯಾ ಅವರ ದಾರಿ ನನಗೆ ಮೆಚ್ಚುಗೆ. ಲಕೋಟಾ ಅವರು ಆಡಿ ಬೆಳೆದ ಮಾತು. 1932ರಲ್ಲಿ ಅವರು ಸಂಗ್ರಹಿಸಿದ ಕಥೆಗಳು ಅಚ್ಚಾದವು. ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಜೊತೆ ಬರೆದ ವ್ಯಾಕರಣ ಬಂದದ್ದು 1941ರಲ್ಲಿ. ಮೊದಲು ಕಥೆ, ಆಮೇಲೆ ವ್ಯಾಕರಣ.

ನೀವೂ ಮೊದಲು ಅಜ್ಜಿಯ ಮಾತು ಕೇಳಿ. ಹೊಲದಲ್ಲಿ ಏನಾಯಿತು, ಯಾರು ಯಾರಿಗೆ ಏನು ಮಾಡಿದರು ಅಂತ ಅವರೇ ಹೇಳಲಿ, ನಡುವೆ ಬಾಯಿ ಹಾಕಬೇಡಿ. ಆಮೇಲೆ ಬಿಟ್ಟುಹೋದ ಕ್ರಿಯಾಪದಗಳನ್ನು ಕೇಳಿ: ಕೆಮ್ಮು, ಸೀನು, ಜಾರು, ಮರೆ. ಮಾಡಿದ್ದೋ ಆದದ್ದೋ ಅನ್ನುವ ಗೆರೆಯನ್ನು ಒಂದೊಂದು ಭಾಷೆ ಒಂದೊಂದು ಕಡೆ ಎಳೆಯುವುದು ಇಂಥ ಪದಗಳಲ್ಲೇ.